ಅಂತೆ ಕಂತೆಗಳ ನಡುವೆ ಆಪೆರಾ ಸುದ್ದಿ ಓದುವುದು ಹೇಗೆ

ಒಬ್ಬ ಸೊಪ್ರಾನೊ (ಎತ್ತರದ ಧ್ವನಿಯ ಗಾಯಕಿ) ಇವತ್ತು ಸಂಜೆ ಹಾಡುವುದಿಲ್ಲ ಎಂದು ಪ್ರಕಟಣೆ ಬರುತ್ತದೆ. ಅರ್ಧ ಗಂಟೆಯೊಳಗೆ ಶುರು: ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಜೊತೆ ಜಗಳವಂತೆ, ಧ್ವನಿಯೇ ಹೋಗಿದೆಯಂತೆ, ಇನ್ನು ಮುಂದೆ ಹಾಡುವುದೇ ಇಲ್ಲವಂತೆ. ಈ 'ಅಂತೆ'ಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು? ನಾನು ಮಾಡುವ ಕ್ರಮ ಹೇಳುತ್ತೇನೆ.

ಮೊದಲು ಥಿಯೇಟರ್‌ನವರ ಪ್ರಕಟಣೆಯನ್ನೇ ಓದಿ, ಅದರ ಬಗ್ಗೆ ಬೇರೆಯವರು ಬರೆದದ್ದನ್ನಲ್ಲ. 'ಅನಾರೋಗ್ಯ' ಅಂತ ಇದ್ದರೆ ನಂಬಿಕೊಂಡೇ ಶುರುಮಾಡಿ. ಆಪೆರಾದಲ್ಲಿ ಸಾಮಾನ್ಯವಾಗಿ ಮೈಕ್ ಇರುವುದಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ (ಚಿಕ್ಕದಾಗಿ 'ಮೆಟ್') ಸುಮಾರು 3,800 ಸೀಟುಗಳಿವೆ. ಅಷ್ಟು ದೊಡ್ಡ ಹಾಲಿನ ಕೊನೆಯ ಸಾಲಿಗೆ, ಇಡೀ ಆರ್ಕೆಸ್ಟ್ರಾವನ್ನು ದಾಟಿ ಗಂಟಲೊಂದೇ ಮುಟ್ಟಬೇಕು. ನಮಗೆ ಲೆಕ್ಕಕ್ಕೇ ಬಾರದ ನೆಗಡಿ ಅವರ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ.

ಆಮೇಲೆ ಎಷ್ಟು ದಿನ ಬರುತ್ತಿಲ್ಲ ಅಂತ ನೋಡಿ. ಒಂದು ಸಂಜೆ ಮಾತ್ರವಾದರೆ ಅದು ಸುದ್ದಿಯೇ ಅಲ್ಲ. ಆ ಪ್ರೊಡಕ್ಷನ್‌ನ ಎಲ್ಲ ಪ್ರದರ್ಶನಗಳಿಂದ ಹಿಂದೆ ಸರಿದಿದ್ದರೆ ಸ್ವಲ್ಪ ಯೋಚಿಸಬೇಕು. ಯಾರು ಎಲ್ಲಿ ಹಾಡುತ್ತಾರೆ ಅಂತ ತೋರಿಸುವ ಆಪೆರಾಬೇಸ್ ವೆಬ್‌ಸೈಟ್‌ನಲ್ಲಿ ಅವರ ಹೆಸರು ಹಾಕಿ ಮುಂದಿನ ತಿಂಗಳುಗಳ ಪಟ್ಟಿ ನೋಡಿ, ಅವರ ಸ್ವಂತ ವೆಬ್‌ಸೈಟ್ ಜೊತೆ ಹೋಲಿಸಿ. ದೊಡ್ಡ ಗಾಯಕರನ್ನು ವರ್ಷಗಳ ಮೊದಲೇ ಗೊತ್ತುಮಾಡಿರುತ್ತಾರೆ, ಹಾಗಾಗಿ ಭಾರವಾದ ಪಾತ್ರಗಳು ಒಂದೊಂದಾಗಿ ಪಟ್ಟಿಯಿಂದ ಮಾಯವಾಗುತ್ತಿದ್ದರೆ ಅದು ಯಾರ ಪಿಸುಮಾತಿಗಿಂತಲೂ ಹೆಚ್ಚು ಹೇಳುತ್ತದೆ.

ಇಷ್ಟು ಎಚ್ಚರ ಯಾಕೆ ಅಂದರೆ ಹೆಸರಾಂತ ಸೊಪ್ರಾನೊ ಮರಿಯಾ ಕಲ್ಲಾಸ್‌ಗೆ ಆದದ್ದು ನೋಡಿ. 1958ರ ಜನವರಿ 2, ರೋಮ್ ಆಪೆರಾ ಥಿಯೇಟರ್, 'ನೋರ್ಮಾ' ಅನ್ನುವ ಆಪೆರಾ. ಇಟಲಿಯ ಅಧ್ಯಕ್ಷ ಗ್ರೋಂಕಿ ಸ್ವತಃ ಬಂದು ಕೂತಿದ್ದರು. ಮೊದಲ ಅಂಕ ಮುಗಿಸಿದ ಕಲ್ಲಾಸ್ ಮತ್ತೆ ವೇದಿಕೆಗೆ ಬರಲೇ ಇಲ್ಲ. ಮರುದಿನ ಪತ್ರಿಕೆಗಳ ತುಂಬ ಅವರ ಸೊಕ್ಕಿನದೇ ಮಾತು. ಆದರೆ ಅವರ ಗಂಟಲು ಮೊದಲೇ ಕೈಕೊಟ್ಟಿತ್ತು, ಥಿಯೇಟರ್‌ನವರು ಬದಲಿ ಗಾಯಕಿಯನ್ನು ಸಿದ್ಧವಾಗಿ ಇಟ್ಟಿರಲಿಲ್ಲ. ಎಷ್ಟೋ ವರ್ಷಗಳ ನಂತರ ಕೋರ್ಟ್ ಕಲ್ಲಾಸ್ ಪರವಾಗಿ ತೀರ್ಪು ಕೊಟ್ಟಿತು. ಅಷ್ಟು ಹೊತ್ತಿಗೆ 'ಸಿಟ್ಟಿನ ಹೆಂಗಸು' ಅನ್ನುವ ಹೆಸರು ಗಟ್ಟಿಯಾಗಿ ಅಂಟಿಬಿಟ್ಟಿತ್ತು. ಅದಕ್ಕೇ ಯಾರಾದರೂ ಅರ್ಧದಲ್ಲಿ ಎದ್ದು ಹೋದರು ಅಂತ ಕೇಳಿದಾಗ ನಾನು ಮೊದಲು ಹುಡುಕುವುದು ಅವರ ಸ್ವಭಾವದ ಕತೆಯನ್ನಲ್ಲ, ಪರದೆಯ ಹಿಂದೆ ಬದಲಿ ಯಾರಿದ್ದರು ಅನ್ನುವುದನ್ನು.

ಏನಾಯಿತು, ಯಾಕಾಯಿತು, ಇವೆರಡನ್ನು ಬೇರೆ ಬೇರೆ ಬರೆದಿಟ್ಟುಕೊಳ್ಳಿ. 2006ರ ಡಿಸೆಂಬರ್‌ನಲ್ಲಿ ಮಿಲಾನ್‌ನ ಲಾ ಸ್ಕಾಲಾ ಥಿಯೇಟರ್‌ನಲ್ಲಿ 'ಐದಾ' ಆಪೆರಾ ನಡೆಯುತ್ತಿತ್ತು. ಟೆನರ್ (ಎತ್ತರದ ಗಂಡು ಧ್ವನಿಯ ಗಾಯಕ) ರಾಬರ್ಟೊ ಅಲಾನ್ಯಾ ಮೊದಲ ಹಾಡು ಮುಗಿಸಿದಾಗ ಮೇಲಿನ ಗ್ಯಾಲರಿಯಿಂದ ಅಸಮಾಧಾನದ ಕೂಗು ಬಂತು, ಅವರು ಹೊರಟುಹೋದರು, ಬದಲಿಯಾಗಿದ್ದ ಆಂಟೊನೆಲ್ಲೊ ಪಾಲೊಂಬಿ ಮಾಮೂಲಿ ಬಟ್ಟೆಯಲ್ಲೇ ವೇದಿಕೆಗೆ ಓಡಿಬಂದು ಹಾಡಿದರು. ಇದಿಷ್ಟು ಸಾವಿರಾರು ಜನ ಕಣ್ಣಾರೆ ಕಂಡದ್ದು. ಯಾಕೆ ಹೋದರು, ತಪ್ಪು ಯಾರದು ಅನ್ನುವಲ್ಲಿಂದ ಮುಂದೆ ಎಲ್ಲವೂ ಅವರವರ ವಾದ. ಅಂದಹಾಗೆ, ಕೂಗಿದ ಮಾತ್ರಕ್ಕೆ ಕೆಟ್ಟದಾಗಿ ಹಾಡಿದರು ಅಂತಲೂ ಅಲ್ಲ. ಲಾ ಸ್ಕಾಲಾದ ಗ್ಯಾಲರಿಯವರು ಹಟಕ್ಕೆ ಹೆಸರಾದವರು.

ಹೇಳಿದವರು ಯಾರು ಅಂತಲೂ ಕೇಳಿ. 1994ರಲ್ಲಿ ಮೆಟ್, ಸೊಪ್ರಾನೊ ಕ್ಯಾಥ್ಲೀನ್ ಬ್ಯಾಟಲ್ ಅವರನ್ನು ತೆಗೆದುಹಾಕಿದಾಗ ಮೆಟ್‌ನ ಮ್ಯಾನೇಜರ್ ಜೋಸೆಫ್ ವೋಲ್ಪೆ ತಮ್ಮ ಹೆಸರಲ್ಲೇ ಕಾರಣ ಹೇಳಿದರು. ಒಪ್ಪಿ, ಬಿಡಿ, ಹೊಣೆ ಹೊರುವವರು ಒಬ್ಬರಿದ್ದರು. ಅದಾದ ಮೇಲೆ ಬ್ಯಾಟಲ್ ಬಗ್ಗೆ ಹುಟ್ಟಿಕೊಂಡ ನೂರೆಂಟು ಕತೆಗಳಿಗೆ ಹೊಣೆ ಹೊರುವವರು ಯಾರು?

ವಿಮರ್ಶೆಗಳಲ್ಲೂ ಗಾಸಿಪ್ ನುಸುಳುತ್ತದೆ, ಅದು ನನಗೆ ಜಾಸ್ತಿ ಬೇಸರ ತರಿಸುವ ವಿಷಯ. 2014ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಆಪೆರಾ ಉತ್ಸವದಲ್ಲಿ ಗಾಯಕಿ ತಾರಾ ಎರಾಟ್ 'ರೋಸನ್‌ಕವಲಿಯರ್' ಆಪೆರಾದಲ್ಲಿ ಹಾಡಿದಾಗ ಹಲವು ವಿಮರ್ಶಕರು ಧ್ವನಿ ಬಿಟ್ಟು ಅವರ ಮೈಕಟ್ಟಿನ ಬಗ್ಗೆ ಬರೆದರು. ಗಾಯಕರೇ ಎದ್ದು ನಿಂತು ಖಂಡಿಸಿದರು. ವಿಮರ್ಶೆ ಓದುವಾಗ ಪೆನ್ಸಿಲ್ ಹಿಡಿಯಿರಿ. ಶ್ರುತಿ, ಉಸಿರು, ಉಚ್ಚಾರ, ಮೇಲಿನ ಸ್ವರಗಳು, ಪಾತ್ರದ ಅಭಿನಯ, ಇವುಗಳ ಬಗ್ಗೆ ಇರುವ ವಾಕ್ಯಗಳಿಗೆ ಗೆರೆ ಎಳೆಯಿರಿ. ಗೆರೆ ಎಳೆಯಲು ಏನೂ ಸಿಗದಿದ್ದರೆ ಪಕ್ಕಕ್ಕಿಡಿ. ಯಾವ ದಿನದ ಪ್ರದರ್ಶನ ಅಂತಲೂ ನೋಡಿ. ಮೊದಲ ರಾತ್ರಿಯ ನಡುಕ ನಾಲ್ಕನೆಯ ರಾತ್ರಿ ಇರಬೇಕಾಗಿಲ್ಲ.

ಇನ್ನೊಂದು ವಿಷಯ ಇದೆ, ಅದನ್ನು ಹಗುರವಾಗಿ ದಾಟಬೇಡಿ. ಗಾಳಿಮಾತು ಅಂತ ಎಲ್ಲವನ್ನೂ ತಳ್ಳಿಹಾಕುವುದೂ ತಪ್ಪು. ಕಂಡಕ್ಟರ್ ಜೇಮ್ಸ್ ಲೆವೈನ್ ಬಗ್ಗೆ ವರ್ಷಗಟ್ಟಲೆ ಗುಸುಗುಸು ಇತ್ತು. 2017ರ ಡಿಸೆಂಬರ್‌ನಲ್ಲಿ ಕೆಲವರು ತಮ್ಮ ಹೆಸರು ಹೇಳಿ ಪತ್ರಿಕೆಗಳ ಮುಂದೆ ಲೈಂಗಿಕ ದುರ್ವರ್ತನೆಯ ಆರೋಪ ಮಾಡಿದರು. ಮೆಟ್ ಅವರನ್ನು ಅಮಾನತು ಮಾಡಿತು, ತನಿಖೆಯ ನಂತರ 2018ರ ಮಾರ್ಚ್‌ನಲ್ಲಿ ಕೆಲಸದಿಂದ ತೆಗೆಯಿತು. ಲೆವೈನ್ ಆರೋಪಗಳನ್ನು ನಿರಾಕರಿಸಿದರು. ಒಬ್ಬರಿಗೆ ಹಿಂಸೆ ಆಗಿದೆ ಅನ್ನುವ ಮಾತು ಕಿವಿಗೆ ಬಿದ್ದರೆ ಅದನ್ನು ರುಚಿಯಾದ ಸುದ್ದಿಯಾಗಿ ಹಂಚಬೇಡಿ, ಸುಳ್ಳು ಅಂತ ನಗಬೇಡಿ. ಹೆಸರು, ದಿನಾಂಕ, ದಾಖಲೆ ಇರುವ ವರದಿ ಬಂದಾಗ ಪೂರ್ತಿ ಓದಿ, ಎರಡೂ ಕಡೆಯದನ್ನು ಓದಿ.

ಮುಂದಿನ ಸೀಸನ್‌ನಲ್ಲಿ ಯಾರು ಯಾವ ಪಾತ್ರ ಹಾಡುತ್ತಾರೆ ಅನ್ನುವ ಊಹೆಗಳಿಂದ ಯಾರಿಗೂ ನೋವಿಲ್ಲ. ಅವನ್ನು ಖುಷಿಯಾಗಿ ಓದಿ, ಟಿಕೆಟ್ ಮಾತ್ರ ಅಧಿಕೃತ ಪಟ್ಟಿ ಬಂದ ಮೇಲೆ ತೆಗೆದುಕೊಳ್ಳಿ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಕ್ಕೆ ಕೇಳಿದ ಮಾತು ಮತ್ತು ತಾರೀಖು, ಮಧ್ಯದಲ್ಲಿ ಹೇಳಿದವರು, ಬಲಕ್ಕೆ ಖಾಲಿ ಜಾಗ. ಸೀಸನ್ ಮುಗಿದ ಮೇಲೆ ಬಲಗಡೆ ತುಂಬುತ್ತೇನೆ. ಯಾರ ಮಾತು ಎಷ್ಟು ಸಲ ನಿಜವಾಯಿತು ಅಂತ ಆಗ ಸಾಲುಸಾಲಾಗಿ ಕಾಣುತ್ತದೆ, ಮುಂದಿನ ವರ್ಷ ಯಾರನ್ನು ಓದಬೇಕು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.