ಹಳೇ ಹ್ಯಾಂಡಿಕ್ಯಾಮ್‌ನಲ್ಲಿ ರೆಕಾರ್ಡ್ ಆಗುತ್ತಿಲ್ವಾ? ಸ್ಕ್ರೂ ಡ್ರೈವರ್ ಹಿಡಿಯುವ ಮುಂಚೆ ಇದನ್ನು ನೋಡಿ

ಅಟ್ಟದಿಂದ ಇಳಿಸಿದ ಕ್ಯಾಸೆಟ್ ಕ್ಯಾಮೆರಾ ಆನ್ ಆಯಿತು, ಕಣ್ಣಿಟ್ಟು ನೋಡಿದರೆ ಚಿತ್ರ ಕಾಣಿಸಿತು, ಕೆಂಪು ದೀಪ ಕೂಡ ಉರಿಯಿತು. ಇಷ್ಟಕ್ಕೇ ರೆಕಾರ್ಡ್ ಆಗುತ್ತಿದೆ ಅಂತ ನಂಬಬೇಡಿ. ನಾನು ನಂಬಿ ಕೆಟ್ಟಿದ್ದೇನೆ. ಅಕ್ಕನ ಮಗನ ಉಪನಯನದಲ್ಲಿ ಬೆಳಗ್ಗೆಯಿಂದ ಹೊಗೆಯಲ್ಲಿ ಕಣ್ಣು ಉಜ್ಜಿಕೊಂಡು ಒಂದೂವರೆ ಗಂಟೆ ತೆಗೆದೆ. ಸಂಜೆ ಎಲ್ಲರನ್ನೂ ಟಿವಿ ಮುಂದೆ ಕೂರಿಸಿ ಹಾಕಿದರೆ ಬರೀ ಗ್ರೇನ್ಸ್. "ಮಾಮಾ, ನಾನೆಲ್ಲಿ?" ಅಂತ ವಟು ಕೇಳಿದ.

ಆಗಿದ್ದು ಇಷ್ಟೇ. ರೆಕಾರ್ಡ್ ಮಾಡುವಾಗ ವ್ಯೂಫೈಂಡರ್‌ನಲ್ಲಿ ಕಾಣುವುದು ಲೆನ್ಸ್ ನೋಡುತ್ತಿರುವ ಚಿತ್ರ, ಟೇಪಿನ ಮೇಲೆ ಬಿದ್ದ ಚಿತ್ರ ಅಲ್ಲ. ಟೇಪಿಗೆ ಏನೂ ಬೀಳದಿದ್ದರೂ ಫೈಂಡರ್‌ನಲ್ಲಿ ಎಲ್ಲ ಚೆನ್ನಾಗೇ ಕಾಣುತ್ತದೆ. ಅದಕ್ಕೇ ಯಾವ ರಿಪೇರಿಗೂ ಮುಂಚೆ ಒಂದು ನಿಮಿಷ ರೆಕಾರ್ಡ್ ಮಾಡಿ, ಹಿಂದೆ ಸುತ್ತಿ, ಪ್ಲೇ ಮಾಡಿ ನೋಡಿ. ರೆಕ್ ರಿವ್ಯೂ ಅಥವಾ ಎಡಿಟ್ ಸರ್ಚ್ ಅನ್ನೋ ಬಟನ್ ಇದ್ದರೆ ಇನ್ನೂ ಸುಲಭ, ಕೊನೆಯ ಕೆಲವು ಸೆಕೆಂಡು ಅಲ್ಲೇ ತೋರಿಸುತ್ತದೆ. ಕಾರ್ಯಕ್ರಮದ ಮಧ್ಯೆಯೂ ಒಮ್ಮೆ ಒತ್ತಿ ನೋಡುತ್ತಿರಿ.

ರೆಕಾರ್ಡ್ ಶುರುವೇ ಆಗುತ್ತಿಲ್ಲ ಅಂದರೆ ಮೊದಲು ಕ್ಯಾಸೆಟ್ ನೋಡಿ. ವಿಎಚ್‌ಎಸ್ ಕ್ಯಾಸೆಟ್ಟಿನ ಬೆನ್ನಿನಲ್ಲಿ ಒಂದು ಪ್ಲಾಸ್ಟಿಕ್ ಚೂರು ಇರುತ್ತದೆ. ಮದುವೆ ಕ್ಯಾಸೆಟ್ ಅಳಿಸಿ ಹೋಗದಿರಲಿ ಅಂತ ಯಾರೋ ಅದನ್ನು ಮುರಿದಿರುತ್ತಾರೆ. ಆ ತೂತಿನ ಮೇಲೆ ಸೆಲ್ಲೋಟೇಪ್ ಅಂಟಿಸಿದರೆ ಮತ್ತೆ ರೆಕಾರ್ಡ್ ಆಗುತ್ತದೆ. (ಅಂಟಿಸುವ ಮುಂಚೆ ಅದು ಯಾರ ಮದುವೆ ಅಂತ ನೋಡಿಕೊಳ್ಳಿ!) ವೀಡಿಯೊ 8, ಹೈ 8 ಕ್ಯಾಸೆಟ್‌ಗಳಲ್ಲಿ ಮುರಿಯುವ ಚೂರು ಇಲ್ಲ, ಸರಿಸುವ ಪುಟ್ಟ ಗುಂಡಿ ಇದೆ. ಕೆಂಪು ಬಣ್ಣ ಕಾಣಿಸುತ್ತಿದ್ದರೆ ಲಾಕ್ ಆಗಿದೆ ಅಂತ ಅರ್ಥ. ಸ್ವಿಚ್ ವಿಟಿಆರ್ (ಅಂದರೆ ಪ್ಲೇ ಮಾಡಿ ನೋಡುವ) ಕಡೆ ಇದ್ದರೂ ರೆಕಾರ್ಡ್ ಆಗುವುದಿಲ್ಲ, ಕ್ಯಾಮೆರಾ ಕಡೆಗೇ ಇರಬೇಕು. ಟೇಪ್ ಕೊನೆಗೆ ಬಂದು ನಿಂತಿದ್ದರೆ ಹಿಂದೆ ಸುತ್ತಿಕೊಳ್ಳಿ. ಸ್ಟ್ಯಾಂಡ್‌ಬೈನಲ್ಲಿ ಮೂರು–ಐದು ನಿಮಿಷ ಬಿಟ್ಟರೆ ಎಷ್ಟೋ ಕ್ಯಾಮೆರಾ ತಾನೇ ಆಫ್ ಆಗುತ್ತದೆ. ಅದು ಕೆಟ್ಟಿದ್ದಲ್ಲ, ಟೇಪ್ ಸವೆಯದಿರಲಿ ಅಂತ ಹಾಗೆ ಮಾಡಿದ್ದಾರೆ.

ಈಗ ನಿಜವಾದ ತಲೆನೋವಿಗೆ ಬರೋಣ. ರೆಕಾರ್ಡ್ ಆಗುತ್ತದೆ, ಆದರೆ ಪ್ಲೇ ಮಾಡಿದರೆ ಗ್ರೇನ್ಸ್. ಮೊದಲು, ಹಿಂದೆ ಚೆನ್ನಾಗಿ ಬಂದಿದ್ದ ಹಳೇ ಕ್ಯಾಸೆಟ್ ಒಂದನ್ನು ಅದೇ ಕ್ಯಾಮೆರಾದಲ್ಲಿ ಹಾಕಿ ನೋಡಿ. ಅದೂ ಗ್ರೇನ್ಸ್ ಬಂದರೆ ಹೆಡ್ (ಟೇಪಿನ ಮೇಲೆ ಚಿತ್ರ ಬರೆಯುವ, ಓದುವ ಪುಟ್ಟ ಭಾಗ) ಕೊಳೆಯಾಗಿದೆ, ಇಲ್ಲವೇ ಸವೆದಿದೆ. ಅದು ಚೆನ್ನಾಗಿ ಬಂದರೆ ನೀವು ರೆಕಾರ್ಡ್ ಮಾಡಿದ ಟೇಪೇ ಹಾಳಾಗಿರಬಹುದು, ಬೇರೆ ಟೇಪ್ ಹಾಕಿ ನೋಡಿ. ಹೊಸ ಟೇಪಲ್ಲೂ ಹಾಗೇ ಆದರೆ ರೆಕಾರ್ಡ್ ಮಾಡುವ ಸರ್ಕ್ಯೂಟ್ ಮೇಲೆ ಅನುಮಾನ.

ಶಬ್ದದಿಂದಲೂ ಒಂದು ಸುಳಿವು ಸಿಗುತ್ತದೆ. ಮಾಮೂಲಿ ವಿಎಚ್‌ಎಸ್ ಕ್ಯಾಮೆರಾದಲ್ಲಿ ಶಬ್ದಕ್ಕೆ ಬೇರೆಯೇ ಹೆಡ್ ಇದೆ, ಅದು ಟೇಪಿನ ಅಂಚಿನಲ್ಲಿ ಬರೆಯುತ್ತದೆ. ಹಾಗಾಗಿ ಚಿತ್ರ ಪೂರ್ತಿ ಹೋಗಿ ಮಾತು ಮಾತ್ರ ಸ್ಪಷ್ಟವಾಗಿ ಕೇಳುತ್ತಿದ್ದರೆ ಟೇಪ್ ಓಡುತ್ತಿದೆ, ವೀಡಿಯೊ ಹೆಡ್ ಮಾತ್ರ ಕಟ್ಟಿಕೊಂಡಿದೆ ಅಂತ ತಿಳಿಯಬಹುದು. ವೀಡಿಯೊ 8 ಹಾಗಲ್ಲ. ಅದರಲ್ಲಿ ಶಬ್ದವನ್ನೂ ತಿರುಗುವ ವೀಡಿಯೊ ಹೆಡ್‌ಗಳೇ ಬರೆಯುತ್ತವೆ, ಹೆಡ್ ಕಟ್ಟಿಕೊಂಡರೆ ಚಿತ್ರದ ಜೊತೆ ಮಾತೂ ಹೋಗುತ್ತದೆ. ನಾನು ಇದು ಗೊತ್ತಿಲ್ಲದೆ ಎರಡು ವಾರ ಮೈಕ್ ಕೆಟ್ಟಿದೆ ಅಂತ ಒದ್ದಾಡಿದ್ದೆ.

ಹೆಡ್ ಕ್ಲೀನ್ ಮಾಡುವುದು ಹೇಗೆ? ಮೊದಲು ಕ್ಲೀನಿಂಗ್ ಕ್ಯಾಸೆಟ್. ಒಣ ಕ್ಲೀನಿಂಗ್ ಕ್ಯಾಸೆಟ್ ಹಾಕಿ ಹತ್ತು ಸೆಕೆಂಡ್ ಪ್ಲೇ ಮಾಡಿ, ತೆಗೆಯಿರಿ. ಇನ್ನೂ ಸರಿಯಾಗದಿದ್ದರೆ ಇನ್ನೊಂದೆರಡು ಸಲ, ಅಷ್ಟೇ. ಅದು ಉಜ್ಜುವ ಟೇಪ್, ಜಾಸ್ತಿ ಓಡಿಸಿದರೆ ಕೊಳೆಯ ಜೊತೆ ಹೆಡ್ಡೂ ಸವೆಯುತ್ತದೆ. ಅದರಿಂದಲೂ ಆಗದಿದ್ದರೆ ಕೈಯಿಂದಲೇ ಒರೆಸಬೇಕು. ಕ್ಯಾಸೆಟ್ ಬಾಗಿಲು ತೆರೆದು, ಆಮೇಲೆ ಪವರ್ ತೆಗೆದು, ಬ್ಯಾಟರಿ ಕಳಚಿ. ಒಳಗೆ ಹೆಡ್‌ಗಳು ಕೂತಿರುವ, ತಿರುಗುವ ಹೊಳೆಯುವ ಡ್ರಮ್ ಕಾಣುತ್ತದಲ್ಲ, ಅದನ್ನು ಒರೆಸಬೇಕು. 99% ಐಸೊಪ್ರೊಪೈಲ್ ಆಲ್ಕೋಹಾಲ್ ತಗೊಳ್ಳಿ, ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರ್ ಬೇಡವೇ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಎಲ್ಲ ಇರುತ್ತದೆ. ನೂಲು ಬಿಡದ ಮೆತ್ತಗಿನ ಚರ್ಮದ ತುಂಡನ್ನು ಅದ್ದಿ ಡ್ರಮ್ಮಿಗೆ ತಾಗಿಸಿ ಅಲ್ಲಾಡದಂತೆ ಹಿಡಿಯಿರಿ. ಇನ್ನೊಂದು ಕೈಯ ಬೆರಳಿನಿಂದ ಡ್ರಮ್ಮಿನ ಮೇಲಂಚು ಹಿಡಿದು ನಿಧಾನಕ್ಕೆ ತಿರುಗಿಸಿ. ಮೇಲೆ ಕೆಳಗೆ ಮಾತ್ರ ಯಾವತ್ತೂ ಉಜ್ಜಬೇಡಿ, ಹೆಡ್ಡಿನ ತುದಿ ಪಟ್ ಅಂತ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯೂ ಬೇಡ, ಅದರ ಎಳೆ ಸಿಕ್ಕಿಕೊಂಡು ಅದೇ ಗತಿ. ಮುರಿದರೆ ಹೊಸದು ಸಿಗುವುದು ಕಷ್ಟ. ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕೂಡ 2016ರಲ್ಲಿ ನಿಲ್ಲಿಸಿಬಿಟ್ಟಿತು. ಒರೆಸಿದ ಮೇಲೆ ಅರ್ಧ ಗಂಟೆ ಒಣಗಲು ಬಿಟ್ಟು ಆಮೇಲೆ ಕ್ಯಾಸೆಟ್ ಹಾಕಿ.

ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಕಾಟ ಇದೆ, ಬೂಷ್ಟು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಇಣುಕಿ ನೋಡಿ, ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಅದನ್ನು ಕ್ಯಾಮೆರಾಗೆ ಹಾಕಲೇಬೇಡಿ. ಅದು ಹೆಡ್ಡಿಗೆ ಹತ್ತಿ, ಅಲ್ಲಿಂದ ಒಳ್ಳೇ ಕ್ಯಾಸೆಟ್ಟಿಗೂ ಹತ್ತುತ್ತದೆ. ಬೂಷ್ಟಿಲ್ಲದ ಹಳೇ ಟೇಪನ್ನೂ ನೇರವಾಗಿ ರೆಕಾರ್ಡಿಗೆ ಹಾಕದೆ ಒಮ್ಮೆ ಪೂರ್ತಿ ಮುಂದೆ ಓಡಿಸಿ, ಪೂರ್ತಿ ಹಿಂದೆ ಸುತ್ತಿ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಟೇಪ್ ಸುರುಳಿಗೆ ಅಂಟಿಕೊಂಡಿರುತ್ತದೆ, ಸುರುಳಿ ತಿರುಗದಿದ್ದರೆ ಕ್ಯಾಮೆರಾ ಕೆಲವೇ ಸೆಕೆಂಡಿನಲ್ಲಿ ರೆಕಾರ್ಡ್ ನಿಲ್ಲಿಸುತ್ತದೆ.

ಎಸಿ ರೂಮಿನಿಂದ ಹೊರಗೆ ಸೆಕೆಗೆ ತಂದ ಕೂಡಲೇ ಕ್ಯಾಮೆರಾ ಕೆಲಸ ಮಾಡಲು ಒಪ್ಪದಿದ್ದರೆ ಒಳಗೆ ಇಬ್ಬನಿ ಕಟ್ಟಿದೆ. ಕ್ಯಾಸೆಟ್ ತೆಗೆದು, ಬಾಗಿಲು ತೆರೆದೇ ಒಂದು ಗಂಟೆ ಬಿಡಿ. ಹೇರ್ ಡ್ರೈಯರ್ ಹಿಡಿಯಬೇಡಿ. 90ರ ದಶಕದ ಕೊನೆಯ ಸೋನಿಗಳಲ್ಲಿ ಇದಕ್ಕೆ ಸಿ:21 ಅಂತ ಕೋಡ್ ಬರುತ್ತದೆ. ಸಿ:22 ಅಂದರೆ ಹೆಡ್ ಕೊಳೆ. ಸಿ:31, ಸಿ:32 ಬಂದರೆ ಕ್ಯಾಸೆಟ್, ಬ್ಯಾಟರಿ ಎರಡೂ ತೆಗೆದು ಮತ್ತೆ ಹಾಕಿ ನೋಡಿ. ಸಿ:04 ಬ್ಯಾಟರಿಯ ತಕರಾರು, ಇನ್ಫೋಲಿಥಿಯಂ (ಚಾರ್ಜ್ ಎಷ್ಟಿದೆ ಅಂತ ಕ್ಯಾಮೆರಾಗೆ ತಿಳಿಸುವ ಸೋನಿ ಬ್ಯಾಟರಿ) ಅಲ್ಲದ ಬ್ಯಾಟರಿ ಹಾಕಿದರೆ ಹೀಗೆ ಹೇಳುತ್ತದೆ. ಎನ್‌ಪಿ-ಎಫ್ 550 ಥರದ ಬ್ಯಾಟರಿ ಈಗಲೂ ಎಲ್‌ಇಡಿ ಲೈಟ್‌ಗಾಗಿ ಮಾರುತ್ತಾರೆ, ಆದರೆ ಆಕಾರ ಒಂದೇ ಅಂತ ಎಲ್ಲವನ್ನೂ ಕ್ಯಾಮೆರಾ ಒಪ್ಪುವುದಿಲ್ಲ.

ಅಮೆರಿಕದಿಂದ ಚಿಕ್ಕಪ್ಪ ತಂದುಕೊಟ್ಟ ಕ್ಯಾಮೆರಾನಾ? ಹಾಗಾದರೆ ಅದರ ಟಿವಿ ಚಿತ್ರದ ಪದ್ಧತಿ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಅದರಲ್ಲಿ ತೆಗೆದದ್ದು ಇಲ್ಲಿನ ಹಳೇ ವಿಸಿಆರ್, ಟಿವಿಯಲ್ಲಿ ಕಪ್ಪು ಬಿಳುಪಾಗಿ ಉರುಳುತ್ತಿದ್ದರೆ ಕ್ಯಾಮೆರಾ ತಪ್ಪಿಲ್ಲ, ಕ್ಯಾಮೆರಾವನ್ನೇ ಎರಡೂ ಓದುವ ಟಿವಿಗೆ ಎವಿ ಕೇಬಲ್‌ನಲ್ಲಿ ಜೋಡಿಸಿ ನೋಡಿ. ನಮ್ಮ ಹಳೇ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಚಿತ್ರ ಪಟಪಟ ಮಿಟುಕುವುದೂ ಇದೇ ಕಾರಣಕ್ಕೆ. ಇಲ್ಲಿನ ಕರೆಂಟ್ 50 ಹರ್ಟ್ಜ್, ಆ ಕ್ಯಾಮೆರಾ ಮಾತ್ರ 60ರ ಲೆಕ್ಕದಲ್ಲಿ ನೋಡುತ್ತದೆ. ಶಟರನ್ನು 1/100ಕ್ಕೆ ಇಡಲು ಬಂದರೆ ಮಿಟುಕು ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿದರೂ ಬಣ್ಣ ಮಾಸಿದ್ದರೆ, ಶಬ್ದ ಕ್ಷೀಣಿಸಿದ್ದರೆ, ಹತ್ತಿರ ಹಿಡಿದಾಗ ಮೀನಿನ ಥರ ವಾಸನೆ ಬಂದರೆ ಒಳಗಿನ ಬೋರ್ಡಿನ ಮೇಲಿರುವ ಕೆಪ್ಯಾಸಿಟರ್ ಅನ್ನೋ ಪುಟ್ಟ ಬಿಡಿಭಾಗಗಳು ಸೋರಿರಬಹುದು. 80ರ ದಶಕದ ಕೊನೆ, 90ರ ದಶಕದ ಶುರುವಿನ ಕ್ಯಾಮೆರಾಗಳಿಗೆ ಇದು ಮಾಮೂಲಿ ಕಾಯಿಲೆ, ಸೋರಿದ ರಸ ಬೋರ್ಡನ್ನೇ ತಿನ್ನುತ್ತಾ ಹೋಗುತ್ತದೆ. ಇದು ಮನೆಯ ಕೆಲಸ ಅಲ್ಲ. ಹಳೇ ಕಪ್ಪು ಬಿಳುಪು ವ್ಯೂಫೈಂಡರ್ ಒಳಗೆ ಪುಟ್ಟ ಪಿಕ್ಚರ್ ಟ್ಯೂಬ್ ಇದೆ, ಶಾಕ್ ಹೊಡೆಯುತ್ತದೆ, ಬಿಚ್ಚಲು ಹೋಗಬೇಡಿ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಬೋರ್ಡ್ ರಿಪೇರಿ ಮಾಡುವವರನ್ನು ವಿಚಾರಿಸಿ. ಹೋಗುವಾಗ ಹಾಳಾದರೂ ಚಿಂತೆ ಇಲ್ಲದ ಒಂದು ಕ್ಯಾಸೆಟ್ ಜೊತೆಗೆ ಒಯ್ಯಿರಿ, ಮದುವೆಯದ್ದನ್ನು ಮನೆಯಲ್ಲೇ ಬಿಡಿ.