ಹಿತ್ತಲಲ್ಲಿ ಮನೆ ಕಟ್ಟುವವರು ಬೇಲಿಯನ್ನು ನಂಬಬೇಡಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಎರಡು ಮಾತು ಬಂದೇ ಬರುತ್ತದೆ. ಊರಿಂದ ಅಪ್ಪ ಅಮ್ಮ ಯಾವಾಗ ಬರ್ತಾರೆ? ಹಿತ್ತಲಲ್ಲಿ ಎಡಿಯು ಯಾವಾಗ ಕಟ್ಟಿಸ್ತೀರಿ? ಎಡಿಯು ಅಂದರೆ ನಮ್ಮ ಕಡೆಯ ಔಟ್‌ಹೌಸ್ ಇದ್ದ ಹಾಗೆ. ದೊಡ್ಡ ಮನೆಯ ಜಾಗದಲ್ಲೇ ತನ್ನದೇ ಅಡುಗೆಮನೆ, ಬಚ್ಚಲು, ಬಾಗಿಲು ಇರುವ ಇನ್ನೊಂದು ಚಿಕ್ಕ ಮನೆ. ನಾನು ಒಂದು ಕಟ್ಟಿಸಿದ್ದೇನೆ. ಅದಕ್ಕಿಂತ ಜಾಸ್ತಿ, ಸ್ನೇಹಿತರ ನಕ್ಷೆಗಳು ಕೆಂಪು ಗುರುತು ಹೊತ್ತು ವಾಪಸ್ ಬಂದಿದ್ದನ್ನು ನೋಡಿದ್ದೇನೆ. ಎಲ್ಲರೂ ಎಡವುವುದು ಒಂದೇ ಕಡೆ.

ಮೊದಲ ಹೆಜ್ಜೆ: ಯಾವ ಥರದ್ದು ಬೇಕು ಅಂತ ತೀರ್ಮಾನಿಸಿ. ಹಿತ್ತಲಲ್ಲಿ ಬೇರೆಯಾಗಿ ಕಟ್ಟಬಹುದು, ಗ್ಯಾರೇಜನ್ನೇ ಮನೆ ಮಾಡಬಹುದು, ಇಲ್ಲಾ ದೊಡ್ಡ ಮನೆಯ ಗೋಡೆಗಳ ಒಳಗೇ 500 ಚದರ ಅಡಿವರೆಗಿನ ಜೂನಿಯರ್ ಎಡಿಯು ಮಾಡಬಹುದು. ಗ್ಯಾರೇಜ್ ಹೋಯಿತು ಅಂತ ಬದಲಿ ಪಾರ್ಕಿಂಗ್ ಕೊಡಿ ಎಂದು ನಗರದವರು ಕೇಳುವ ಹಾಗಿಲ್ಲ. ಹಳೇ ಗ್ಯಾರೇಜ್ ಗಡಿಗೆ ಅಂಟಿಕೊಂಡಿದ್ದರೂ ಇದ್ದ ಜಾಗದಲ್ಲೇ ಪರಿವರ್ತಿಸಬಹುದು. ಆದರೂ ವಯಸ್ಸಾದವರು ಇರುವುದಾದರೆ ಗ್ಯಾರೇಜ್ ಬೇಡ ಅನ್ನುತ್ತೇನೆ. ಎಷ್ಟೇ ಇನ್ಸುಲೇಷನ್ ಹಾಕಿದರೂ ಆ ನೆಲದ ತಂಪು ಮೊಣಕಾಲಿಗೆ ಗೊತ್ತಾಗುತ್ತದೆ.

ಎರಡನೇ ಹೆಜ್ಜೆ ಸೈಟ್ ಪ್ಲ್ಯಾನ್, ಅಂದರೆ ನಿಮ್ಮ ಜಾಗದಲ್ಲಿ ಮನೆ ಎಲ್ಲಿ ಕೂರುತ್ತದೆ ಅಂತ ತೋರಿಸುವ ನಕ್ಷೆ. ಇಲ್ಲಿ ಸ್ವಲ್ಪ ನಿಧಾನಿಸಿ.

ಪಕ್ಕದ ಮತ್ತು ಹಿಂದಿನ ಗಡಿಯಿಂದ 4 ಅಡಿ ಬಿಟ್ಟರೆ ಸಾಕು, ಅದಕ್ಕಿಂತ ಜಾಸ್ತಿ ಕೇಳಬಾರದು ಅಂತ ರಾಜ್ಯದ ಕಾನೂನೇ ನಗರಗಳ ಕೈ ಕಟ್ಟಿದೆ. ಇದನ್ನು ಓದಿದ ಕೂಡಲೇ ನಮ್ಮವರು ಟೇಪ್ ಹಿಡಿದು ಹಿತ್ತಲಿಗೆ ಓಡಿ, ಬೇಲಿಯಿಂದ 4 ಅಡಿ ಅಳೆದು, ಸುಣ್ಣದಲ್ಲಿ ಗೆರೆ ಎಳೆದು, ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ. ತಪ್ಪು. ಕಾನೂನು ಹೇಳುವುದು ಗಡಿ, ಬೇಲಿಯಲ್ಲ. ಬೇಲಿ ಅಂದರೆ ಯಾವುದೋ ಕಾಲದಲ್ಲಿ ಯಾರೋ ತಮಗೆ ಅನುಕೂಲವಾದ ಕಡೆ ಕಂಬ ನೆಟ್ಟಿದ್ದು. ನನ್ನ ಸ್ನೇಹಿತನೊಬ್ಬನ ಬೇಲಿ ಪಕ್ಕದ ಮನೆಯ ಜಾಗದೊಳಗೆ ಒಂದೂವರೆ ಅಡಿ ಹೋಗಿತ್ತು. ಅವನ 4 ಅಡಿ ನಿಜಕ್ಕೂ ಎರಡೂವರೆ. ನಕ್ಷೆಯನ್ನೆಲ್ಲ ಮತ್ತೆ ಬರೆಸಬೇಕಾಯಿತು. ಮನೆಯ ಮುಂದೆಯೂ ಅಷ್ಟೇ. ನೀವು ಹುಲ್ಲು ಕತ್ತರಿಸಿ ನೀರು ಹಾಕುವ ಜಾಗವೆಲ್ಲ ನಿಮ್ಮದಲ್ಲ. ಹಲವು ಕಡೆ ಗಡಿ ಫುಟ್‌ಪಾತ್‌ನ ಒಳಬದಿಯಿಂದ ಶುರುವಾಗುತ್ತದೆ. ಅನುಮಾನ ಇದ್ದರೆ ಲೈಸೆನ್ಸ್ ಇರುವ ಸರ್ವೇಯರ್‌ನನ್ನು ಕರೆಸಿ. ದುಬಾರಿ ಅನ್ನಿಸುತ್ತದೆ, ಆದರೆ ಹಾಕಿದ ಕಾಂಕ್ರೀಟ್ ಒಡೆಸುವುದಕ್ಕಿಂತ ಅಗ್ಗ.

ಗಡಿ ಸಿಕ್ಕಿತಾ? ಈಗ ಈಸ್‌ಮೆಂಟ್ ಹುಡುಕಿ, ಅಂದರೆ ನಿಮ್ಮ ಜಾಗದಲ್ಲೇ ಬೇರೆಯವರ ಬಳಕೆಗೆ ಬಿಟ್ಟಿರಬೇಕಾದ ಪಟ್ಟಿ. ಮನೆ ಕೊಳ್ಳುವಾಗ ಟೈಟಲ್ ರಿಪೋರ್ಟ್ ಅಂತ ಒಂದು ಕಟ್ಟು ಕೊಟ್ಟಿರುತ್ತಾರೆ, ಯಾರೂ ಬಿಚ್ಚಿ ನೋಡಿರುವುದಿಲ್ಲ. ಕರೆಂಟು, ಚರಂಡಿ ಲೈನಿಗೆ ಅಂತ ಹಿಂದಿನ 5 ಅಥವಾ 10 ಅಡಿ ಮೀಸಲಾಗಿದ್ದರೆ ಅದರಲ್ಲೇ ಬರೆದಿರುತ್ತದೆ. 4 ಅಡಿಯ ಕಾನೂನು ಆ ಪಟ್ಟಿಯ ಮೇಲೆ ನಡೆಯುವುದಿಲ್ಲ, ಸೂರಿನ ಅಂಚು ಕೂಡ ಅದರೊಳಗೆ ಚಾಚಬಾರದು. ಒಬ್ಬರು ಅಡುಗೆಮನೆ ಆಗ್ನೇಯದಲ್ಲೇ ಇರಬೇಕು ಅಂತ ಹಟ ಹಿಡಿದು ಇಡೀ ಮನೆಯನ್ನು ಆ ಮೂಲೆಗೆ ತಳ್ಳಿದ್ದರು. ಅಲ್ಲೇ ಇತ್ತು 10 ಅಡಿ ಈಸ್‌ಮೆಂಟ್. ವಾಯವ್ಯವೂ ಪರವಾಗಿಲ್ಲ ಅಂತ ಪುರೋಹಿತರು ಊರಿಂದ ಫೋನಿನಲ್ಲಿ ಹೇಳಿದ ಮೇಲೆ ಕೆಲಸ ಮುಂದೆ ಹೋಯಿತು.

ಇನ್ನೊಂದು. ಕಾನೂನು 4 ಅಡಿ ಕೊಟ್ಟರೂ ನೀವು 5 ಬಿಡಿ. ಬೆಂಕಿ ಆರಿಸುವ ಸ್ಪ್ರಿಂಕ್ಲರ್ ಇಲ್ಲದ ಮನೆಯ ಗೋಡೆ ಗಡಿಗೆ 5 ಅಡಿಗಿಂತ ಹತ್ತಿರ ಬಂದರೆ ಅದು ಒಂದು ಗಂಟೆ ಬೆಂಕಿ ತಡೆಯುವಂಥದ್ದಾಗಬೇಕು. ಆ ಗೋಡೆಯಲ್ಲಿ ಕಿಟಕಿ ಬಾಗಿಲು ಎಲ್ಲ ಸೇರಿ ಕಾಲು ಭಾಗ ದಾಟುವ ಹಾಗಿಲ್ಲ. ಒಂದು ಅಡಿ ಜಾಗ ಉಳಿಸಿ ಕತ್ತಲೆ ಕೋಣೆ ಕೊಂಡ ಹಾಗೆ.

ಚರಂಡಿಯನ್ನೂ ಇದೇ ನಕ್ಷೆಯಲ್ಲಿ ನೋಡಿಕೊಳ್ಳಿ. ಪೈಪು ಅಡಿಗೆ ಕಾಲು ಇಂಚಿನ ಲೆಕ್ಕದಲ್ಲಿ ಇಳಿಯಬೇಕು. ಹೊಸ ಬಚ್ಚಲಿನಿಂದ ಹಳೇ ಲೈನಿಗೆ 60 ಅಡಿ ದೂರವಿದ್ದರೆ 15 ಇಂಚು ಇಳಿಜಾರು ಬೇಕಾಯಿತು. ಹಳೇ ಪೈಪು ಅಷ್ಟು ಆಳದಲ್ಲಿ ಇಲ್ಲದಿದ್ದರೆ ಪಂಪ್ ಹಾಕಿಸಬೇಕು. ಪಂಪ್ ಕೆಟ್ಟ ದಿನ ಮನೆಯಲ್ಲಿ ಅತಿಥಿಗಳು ಇದ್ದೇ ಇರುತ್ತಾರೆ, ಕಾದು ನೋಡಿ.

ಮೂರನೇದು ಅಳತೆ. 749 ಚದರ ಅಡಿಗೆ ನಿಲ್ಲಿಸಿ. ಅಲ್ಲಿಯವರೆಗೆ ನಗರದ ಇಂಪ್ಯಾಕ್ಟ್ ಫೀ (ಹೊಸ ಮನೆಯಿಂದ ಊರಿನ ಸೌಕರ್ಯಗಳ ಮೇಲೆ ಬೀಳುವ ಹೊರೆಗೆ ಹಾಕುವ ಶುಲ್ಕ) ಇಲ್ಲ, ಅದನ್ನು ದಾಟಿದರೆ ದೊಡ್ಡ ಮನೆಯ ಅಳತೆಗೆ ಹೋಲಿಸಿ ಲೆಕ್ಕ ಹಾಕುತ್ತಾರೆ. ಪ್ಲ್ಯಾನ್ ಚೆಕ್ ಮತ್ತು ಪರ್ಮಿಟ್ ಶುಲ್ಕ ಹೇಗಿದ್ದರೂ ಕಟ್ಟಬೇಕು, 500 ದಾಟಿದರೆ ಅಲ್ಲಿಯ ಶಾಲಾ ಜಿಲ್ಲೆಗೆ ಕಟ್ಟುವ ಶುಲ್ಕವೂ ಬರಬಹುದು. ಬೇರೆಯಾಗಿ ಹೊಸದಾಗಿ ಕಟ್ಟಿದರೆ ಸೋಲಾರ್ ಕಡ್ಡಾಯ, ಗ್ಯಾರೇಜ್ ಪರಿವರ್ತನೆಗೆ ಬೇಡ.

ನಾಲ್ಕನೇದು, ಅರ್ಜಿ ಹಾಕಿ. ಪೂರ್ತಿ ಅರ್ಜಿ ಸಿಕ್ಕ 60 ದಿನದೊಳಗೆ ನಗರ ಹೌದು ಅಥವಾ ಇಲ್ಲ ಅನ್ನಲೇಬೇಕು. ಸುಮ್ನೆ ಕೂತರೆ ಅನುಮತಿ ಸಿಕ್ಕಂತೆ ಲೆಕ್ಕ. ಪಕ್ಕದ ಮನೆಯವರ ಅಭಿಪ್ರಾಯ ಕೇಳುವ ಸಭೆ ಗಿಭೆ ಏನೂ ಇಲ್ಲ. ‘ಪೂರ್ತಿ’ ಅನ್ನುವ ಮಾತನ್ನು ಮಾತ್ರ ಎರಡು ಸಲ ಓದಿಕೊಳ್ಳಿ, ಒಂದು ಹಾಳೆ ಕಡಿಮೆಯಿದ್ದರೂ ಗಡಿಯಾರ ಓಡುವುದಿಲ್ಲ. ಮೊದಲೇ ಅನುಮೋದನೆಯಾದ ನಕ್ಷೆಗಳನ್ನೂ ನಗರಗಳು ಇಟ್ಟಿವೆ, 2025ರ ಜನವರಿಯಿಂದ ಅದು ಕಡ್ಡಾಯ. ಅದನ್ನು ಆರಿಸಿದರೆ 30 ದಿನ ಸಾಕು. ಆದರೆ ಅದು ಬರೀ ಕಟ್ಟಡದ ನಕ್ಷೆ. ಸೈಟ್ ಪ್ಲ್ಯಾನ್ ನೀವೇ ಮಾಡಿಸಬೇಕು, ಅಂದರೆ ಬೇಲಿಯ ಕಥೆ ಮತ್ತೆ ಮೊದಲಿಂದ.

ಕಂಟ್ರಾಕ್ಟರ್ ಬಗ್ಗೆ ಒಂದು ಮಾತು. ಈ ರಾಜ್ಯದಲ್ಲಿ ಮುಂಗಡವಾಗಿ 1,000 ಡಾಲರ್ ಅಥವಾ ಒಟ್ಟು ಮೊತ್ತದ ಶೇ 10, ಇದರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಕೇಳಬಹುದು. ‘ನಮ್ಮೂರವರೇ, ಶೇ 30 ಕೊಟ್ಟುಬಿಡಿ’ ಅನ್ನುವವರಿಗೆ ಕಾಫಿ ಕೊಟ್ಟು ಕಳಿಸಿ. ಫ್ಯಾಕ್ಟರಿಯಲ್ಲಿ ಮಾಡಿದ ರೆಡಿಮೇಡ್ ಮನೆಯ ಬೆಲೆ ನೋಡಿ ಬೆರಗಾಗಬೇಡಿ. ಕ್ರೇನ್, ಅಡಿಪಾಯ, ಪೈಪಿನ ಕಾಲುವೆ ಅದರಲ್ಲಿ ಸೇರಿದೆಯಾ ಕೇಳಿ. ಹೊಗೆಯನ್ನು ಅಲ್ಲೇ ಸುತ್ತಿಸಿ ಮುಖಕ್ಕೇ ಬಿಡುವ ಚಿಮಣಿಯಂತೂ ಬೇಡವೇ ಬೇಡ. ಮೆಣಸಿನಕಾಯಿ ಒಗ್ಗರಣೆ ಹಾಕುವವರಿಗೆ ಹೊರಗೆ ಪೈಪ್ ಇರುವುದೇ ಬೇಕು.

ಆಮೇಲೆ ಇನ್‌ಸ್ಪೆಕ್ಷನ್‌ಗಳು: ಅಡಿಪಾಯ, ಪೈಪು, ಚೌಕಟ್ಟು, ಇನ್ಸುಲೇಷನ್, ಕೊನೆಗೆ ಫೈನಲ್. ಕರೆದಾಗ ಬರುತ್ತಾರೆ, ಹೇಳಿದ್ದು ಸರಿಮಾಡಿ. ತೆರಿಗೆಯೂ ಹೊಸ ಕಟ್ಟಡದ ಬೆಲೆಗೆ ಮಾತ್ರ ಏರುತ್ತದೆ, 1978ರ ಪ್ರೊಪೊಸಿಷನ್ 13 ಅನ್ನುವ ಆಸ್ತಿ ತೆರಿಗೆ ಕಾನೂನಿನ ಕೃಪೆಯಿಂದ ಹಳೇ ಮನೆಯ ಲೆಕ್ಕ ಹಾಗೇ ಇರುತ್ತದೆ.

ಗೃಹಪ್ರವೇಶದ ಮುಹೂರ್ತವನ್ನು ಮಾತ್ರ ಫೈನಲ್ ಆಗುವ ಮೊದಲೇ ಇಡಬೇಡಿ. ನಾನು ಇಟ್ಟಿದ್ದೆ. ಮೀಟರ್ ಬಂದಿರಲಿಲ್ಲ. ದೊಡ್ಡ ಮನೆಯಿಂದ ಎಕ್ಸ್‌ಟೆನ್ಷನ್ ವೈರ್ ಎಳೆದು, ಇಂಡಕ್ಷನ್ ಒಲೆಯ ಮೇಲೆ ಹಾಲು ಉಕ್ಕಿಸಿ, ಅವತ್ತು ರಾತ್ರಿ ಎಲ್ಲರೂ ವಾಪಸ್ ಹಳೇ ಮನೆಯಲ್ಲೇ ಮಲಗಿದೆವು.