ಪ್ರೊಬೇಷನ್‌ನಲ್ಲಿ ಇದ್ದೀರಾ? ರಜೆ ಕೇಳುವ ಮುಂಚೆ ಇಷ್ಟು ನೋಡಿಕೊಳ್ಳಿ

"ಪ್ರೊಬೇಷನ್‌ನಲ್ಲಿ ರಜೆ ಇಲ್ಲ" ಅಂತ ಟೀಮ್ ಲೀಡ್ ಹೇಳಿದ ತಕ್ಷಣ ತಲೆಯಾಡಿಸಬೇಡಿ. ಪ್ರೊಬೇಷನ್ ಅಂದರೆ ಕೆಲಸ ಕಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ. ರಾಜಾಜಿನಗರದ ಒಂದು ಸಣ್ಣ ಆಫೀಸಿನಲ್ಲಿ ಸಂಬಳದ ಲೆಕ್ಕ ನೋಡುವವಳು ನಾನು. ಹೊಸಬರು ಈ ಪ್ರಶ್ನೆಯನ್ನು ಯಾಕೋ ಪಿಸುಗುಟ್ಟಿಯೇ ಕೇಳುತ್ತಾರೆ. ಜೋರಾಗಿಯೇ ಕೇಳಿ, ಪರವಾಗಿಲ್ಲ.

ಬೆಂಗಳೂರಿನ ಹೆಚ್ಚಿನ ಆಫೀಸು, ಅಂಗಡಿಗಳಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದು ರಜೆಗೆ ನೋಡುವುದು ನೀವು ದುಡಿದ ದಿನಗಳನ್ನು, ಕೆಲಸ ಕಾಯಂ ಎನ್ನುವ ಕನ್ಫರ್ಮೇಷನ್ ಪತ್ರವನ್ನಲ್ಲ. ಕೆಲಸ ಕಲಿಯಲು ಸೇರಿದ ಅಪ್ರೆಂಟಿಸ್‌ಗಳನ್ನೂ ನೌಕರರೆಂದೇ ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಯ್ದೆ ಪ್ರೊಬೇಷನರನ್ನು ಹೊರಗಿಟ್ಟೀತೇ? ಕಾಯಿಲೆ, ಅಪಘಾತ ಅಥವಾ ಬೇರೆ ಸಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಅದರಲ್ಲಿದೆ. ಗಳಿಕೆ ರಜೆ, ಅಂದರೆ ಇಎಲ್, ಬೇರೆ: ಒಂದು ಕ್ಯಾಲೆಂಡರ್ ವರ್ಷದಲ್ಲಿ 240 ದಿನ ದುಡಿದರೆ, 20 ದಿನಕ್ಕೆ ಒಂದರಂತೆ ಮುಂದಿನ ವರ್ಷ ಸಿಗುತ್ತದೆ. ಪ್ರೊಬೇಷನ್ ಆರು ತಿಂಗಳಾದರೆ ಅಷ್ಟರಲ್ಲಿ 240 ಆಗುವುದಿಲ್ಲ, ಆದ್ದರಿಂದ ಇಎಲ್ ಆಸೆ ಸದ್ಯಕ್ಕೆ ಬಿಡಿ. ಆದರೆ ಜನವರಿಯಲ್ಲಿ ಸೇರಿ, ಪ್ರೊಬೇಷನ್ ಒಂದು ವರ್ಷಕ್ಕೆ ಎಳೆದಿದ್ದರೆ, ವಾರಕ್ಕೆ ಆರು ದಿನ ಕೆಲಸ ಮಾಡುವವರು ಅಕ್ಟೋಬರ್ ಹೊತ್ತಿಗೆ 240 ದಾಟುತ್ತಾರೆ. ಆಗ "ಇನ್ನೂ ಕನ್ಫರ್ಮ್ ಆಗಿಲ್ಲವಲ್ಲ" ಎಂಬ ಮಾತಿಗೆ ಬೆಲೆಯಿಲ್ಲ.

ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಹೇಗೂ ರಜೆಯ ದಿನಗಳು. ಇವನ್ನು ನಿಮ್ಮ ಖಾತೆಯ ರಜೆಯಲ್ಲಿ ಮುರಿದುಕೊಂಡಿದ್ದಾರೆಯೇ ಎಂದು ಒಮ್ಮೆ ನೋಡಿ.

ದುಡ್ಡು ಸೋರುವುದು ಎಲ್‌ಒಪಿಯಲ್ಲಿ, ಅಂದರೆ ಸಂಬಳ ಕಡಿತದ ರಜೆಯಲ್ಲಿ. ಆಫರ್ ಲೆಟರ್‌ನಲ್ಲಿ ಎರಡು ಸಾಲು ಹುಡುಕಿ. ಮೊದಲನೆಯದು, ದಿನದ ಸಂಬಳ ತೆಗೆಯಲು ಎಷ್ಟರಿಂದ ಭಾಗಿಸುತ್ತಾರೆ? 24,000 ಸಂಬಳವನ್ನು 30ರಿಂದ ಭಾಗಿಸಿದರೆ ದಿನಕ್ಕೆ 800. 26ರಿಂದ ಭಾಗಿಸಿದರೆ 923. ಎರಡನೆಯದು ಸ್ಯಾಂಡ್‌ವಿಚ್ ರೂಲ್. ಶುಕ್ರವಾರ, ಸೋಮವಾರ ರಜೆ ಹಾಕಿದರೆ ನಡುವಿನ ಶನಿವಾರ, ಭಾನುವಾರವನ್ನೂ ರಜೆಯಾಗಿ ಎಣಿಸುತ್ತಾರೆ. ಎರಡು ದಿನಕ್ಕೆ ಊರಿಗೆ ಹೋಗಿಬಂದವರಿಗೆ ನಾಲ್ಕು ದಿನದ 3,200 ರೂಪಾಯಿ ಖೋತಾ! ಇದು ಕಂಪನಿಯ ಪಾಲಿಸಿ, ಆ ಕಾಯ್ದೆಯಲ್ಲಿ ಇಂಥ ರೂಲ್ ಇಲ್ಲ. ಪಾಲಿಸಿಯಲ್ಲಿ ಬರೆದಿಲ್ಲದಿದ್ದರೆ ಯಾವ ನಿಯಮದಡಿ ಕಡಿತ ಮಾಡಿದಿರಿ ಎಂದು ಕೇಳಿ. ಬರೆದಿದ್ದರೆ ಗುರುವಾರ, ಶುಕ್ರವಾರ ರಜೆ ತೆಗೆದುಕೊಳ್ಳಿ, ವಾರಾಂತ್ಯ ಉಳಿಯುತ್ತದೆ.

ಸಂಬಳ 21,000ದ ಒಳಗಿದ್ದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಕಡಿತವಾಗುತ್ತಿದ್ದರೆ, ಕಾಯಿಲೆ ಬಿದ್ದಾಗ ಅಲ್ಲಿಂದ ಕೂಲಿಯ 70% ಭತ್ಯೆ ಸಿಗುತ್ತದೆ. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಆಗಿರಬೇಕು. ಗರ್ಭಿಣಿಯರಿಗೂ ಪ್ರೊಬೇಷನ್ ಅಡ್ಡಿಯಲ್ಲ: ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಹೆರಿಗೆ ರಜೆಗೆ ಅರ್ಹರು, ಮೊದಲ ಎರಡು ಮಕ್ಕಳಿಗೆ 26 ವಾರ.

ಇನ್ನು ಕೇಳುವ ಬಗೆ. ಬಾಯಿಮಾತಿನಲ್ಲಿ ಒಪ್ಪಿದ ರಜೆ ತಿಂಗಳ ಕೊನೆಗೆ ನನ್ನ ಪಟ್ಟಿಗೆ ಬರುವಾಗ ಗೈರುಹಾಜರಿ ಆಗಿರುತ್ತದೆ. ಹಾಗಾಗಿ ವಾಟ್ಸ್ಆ್ಯಪ್ ಬೇಡ, ಮೇಲ್ ಹಾಕಿ, ಎಚ್‌ಆರ್‌ಗೂ ಕಾಪಿ ಇಡಿ:

"ಸರ್, ತಂಗಿಯ ಮದುವೆಗೆ ಈ ತಿಂಗಳ 12 ಮತ್ತು 13ರಂದು ರಜೆ ಬೇಕಾಗಿದೆ. ನನ್ನ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆಂದು ಮಾತಾಡಿದ್ದೇನೆ. ಇದನ್ನು ಯಾವ ರಜೆಯಡಿ ಹಾಕುತ್ತೀರಿ, ಸಂಬಳ ಕಡಿತವಾಗುತ್ತದೆಯೇ, ದಯವಿಟ್ಟು ತಿಳಿಸಿ."

ಕೊನೆಯ ವಾಕ್ಯ ಮಾತ್ರ ಬಿಡಬೇಡಿ. ಅದಕ್ಕೆ ಬಂದ ಉತ್ತರ, ಹಾಜರಿಯ ಸ್ಕ್ರೀನ್‌ಶಾಟ್, ಪೇಸ್ಲಿಪ್ ಮೂರನ್ನೂ ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಮಾತಿನಲ್ಲಿ ಬಗೆಹರಿಯದೆ ಕಾರ್ಮಿಕ ನಿರೀಕ್ಷಕರ ಹತ್ತಿರ ಹೋಗಬೇಕಾಗಿ ಬಂದರೆ ಅವರು ಕೇಳುವುದು ಇಂಥ ಕಾಗದಗಳನ್ನೇ.